ಕೆಂಪು ಚೀಟಿಯ ಸ್ಕ್ರೂ

ತಾನು ಕಟ್ಟಿಕೊಟ್ಟಿದ್ದ ಬಸ್ಸಿನ ಬಾಗಿಲು ಕಳಚಿ ಕಂಡಕ್ಟರು ಸತ್ತ ಸುದ್ದಿ ಬಂದಾಗ ಬೆಳ್ಳಪ್ಪ ಸಾಗರದ ತನ್ನ ಶೆಡ್ಡಿನಲ್ಲಿ ಇನ್ನೊಂದು ಬಸ್ಸಿಗೆ ಸೀಟು ಕೂರಿಸುತ್ತಿದ್ದ. ಸುದ್ದಿ ತಂದವರು ಬಾಗಿಲನ್ನೂ ಹೊತ್ತು ತಂದಿದ್ದರು. ಬಟ್ಟೆಮಲ್ಲಪ್ಪ ಎಂಬ ಊರಿನ ಹತ್ತಿರದ ತಿರುವಿನಲ್ಲಿ ಕಂಡಕ್ಟರು ಎಂದಿನ ಹಾಗೆ ಬಾಗಿಲಿಗೆ ಬೆನ್ನು ಕೊಟ್ಟು ಟಿಕೀಟು ಹರಿಯುತ್ತಿದ್ದನಂತೆ. ಗಾಡಿ ವಾಲಿತು. ಬಾಗಿಲೂ ಅವನೂ ಒಟ್ಟಿಗೆ ಹೊರಗೆ ಹೋದರು. ಹಿಂದಿನ ಚಕ್ರ ಅವನ ಮೇಲೆಯೇ ಹಾಯಿತು.

ಬೆಳ್ಳಪ್ಪ ಬಾಗಿಲನ್ನು ಬೆಂಚಿನ ಮೇಲೆ ಮಲಗಿಸಿ ನೋಡಿದ. ಹೊನ್ನೆಮರದ ಚೌಕಟ್ಟು ಕೂದಲೆಳೆಯಷ್ಟೂ ಸೀಳಿರಲಿಲ್ಲ. ಬಿಜಾಗ್ರಿಗಳು ಬಾಗಿರಲಿಲ್ಲ. ಆದರೆ ಅವನ್ನು ಹಿಡಿದಿಟ್ಟಿದ್ದ ಸ್ಕ್ರೂಗಳೆಲ್ಲ ಕುತ್ತಿಗೆಯಲ್ಲಿ ತುಂಡಾಗಿ, ಬುಡ ಮರದೊಳಗೇ ಉಳಿದಿತ್ತು. ಒಂದನ್ನು ಕೆದಕಿ ತೆಗೆದು ಇಕ್ಕುಳದಲ್ಲಿ ಹಿಡಿದು ತಿರುಚಿದ. ಒಣಗಿದ ಕಡ್ಡಿಯಂತೆ ಲಟಕ್ಕನೆ ಮುರಿಯಿತು. ಪೇಟೆಯಿಂದ ತಂದಾಗ ಅದೇ ಸ್ಕ್ರೂ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಬಸ್ಸಿನ ಮಾಲೀಕ ಮಂಜುನಾಥಪ್ಪ ಸಂಜೆ ಶೆಡ್ಡಿಗೆ ಬಂದರು. ಬೆಳ್ಳಪ್ಪ ಮುರಿದ ತುಂಡುಗಳನ್ನು ಅಂಗೈಯಲ್ಲಿಟ್ಟು ತೋರಿಸಿ, ಕೆಲಸದಲ್ಲಿ ತಪ್ಪಿಲ್ಲ, ಸ್ಕ್ರೂವಿನಲ್ಲಿ ತಪ್ಪಿದೆ ಎಂದು ವಿವರಿಸಿದ. ಅವರು ಕೂಗಾಡಲಿಲ್ಲ.

"ಸ್ಕ್ರೂ ಯಾರ್ದು ಅಂತ ನಂಗೆ ಬೇಡ ಬೆಳ್ಳಪ್ಪ. ಬಾಗಿಲು ನಿಂದು."

ಹೊಸ ಗಾಡಿಗಳ ಬಾಡಿ ಕಟ್ಟುವ ಕೆಲಸ ಅವನಿಗೇ ಎಂದು ಮಾತಾಗಿತ್ತು. ಈಗ ಅವರು, ಒಳ್ಳೆಯ ಸ್ಕ್ರೂ ಎಲ್ಲಿಂದ ತರುತ್ತೀಯೋ ತಂದು ತೋರಿಸು, ಮತ್ತೆ ಮುಂದಿನ ಮಾತು ಎಂದು ಹೇಳಿ ಹೋದರು.

ಬೆಳ್ಳಪ್ಪ ಗೇಣಿ ಮಾಡುತ್ತಿದ್ದ ಮನೆಯ ಮಗ. ಶರಾವತಿಯ ಅಣೆಕಟ್ಟಿನ ಕೆಲಸ ಶುರುವಾದಾಗ ಕೂಲಿಗೆ ಹೋಗಿ, ಅಲ್ಲಿನ ಮರಗೆಲಸದ ಶೆಡ್ಡಿನಲ್ಲಿ ಕೈ ತಿದ್ದಿಕೊಂಡು ಮೇಸ್ತ್ರಿಯಾದವನು. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅವನಿಗೆ ಶೆಡ್ಡು ಬಿಟ್ಟು ಬೇರೆ ಲೋಕ ಇರಲಿಲ್ಲ. ಹುಟ್ಟಾ ಆಚಾರಿಯಲ್ಲದವನು ಗಾಡಿಯ ಬಾಡಿ ಕಟ್ಟುತ್ತಾನೆ ಎಂದು ಊರಿನವರು ಮೊದಲೇ ತುಟಿ ಸೊಟ್ಟ ಮಾಡುತ್ತಿದ್ದರು. ಈಗ ಅವನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಆ ಕಂಡಕ್ಟರು ಪ್ರತಿ ಸಲವೂ ಶೆಡ್ಡಿನ ಮುಂದೆ ಬಸ್ಸು ನಿಧಾನವಾದಾಗ ಕೈ ಎತ್ತುತ್ತಿದ್ದವನು. ಬಸ್ಸಿನ ಸದ್ದು ಕೇಳಿದರೆ ಬೆಳ್ಳಪ್ಪನ ಕೈ ತಾನಾಗಿ ನಿಲ್ಲುತ್ತಿತ್ತು.

ಅವನು ಸಾಗರದ ಅಂಗಡಿಗಳನ್ನೆಲ್ಲ ಜಾಲಾಡಿದ. ಚೀನಾ ಯುದ್ಧದ ನಂತರ ಒಳ್ಳೆಯ ಮಾಲು ಪೇಟೆಗೆ ಬರುವುದೇ ಅಪರೂಪವಾಗಿತ್ತು. ಬರುತ್ತಿದ್ದುದೆಲ್ಲ ಹೊಳಪು ಕೊಟ್ಟ ಹುಸಿ ಮಾಲು. ಒಂದು ಸ್ಕ್ರೂವಿಗೆ ತಲೆಯ ಮೇಲಿನ ಗೀರು ಓರೆ, ಇನ್ನೊಂದಕ್ಕೆ ಸುರುಳಿ ಅರ್ಧಕ್ಕೇ ಮುಗಿದಿರುತ್ತಿತ್ತು, ಮತ್ತೊಂದರ ತಲೆ ತಿರುಪುಳಿ ಒತ್ತಿದರೆ ಸವೆದು ಬೋಳಾಗುತ್ತಿತ್ತು. ಒಬ್ಬ ಅಂಗಡಿಯವನು ಒಳ್ಳೆಯದು ತೋರಿಸಿ ಕೆಟ್ಟದ್ದು ಕಟ್ಟಿಕೊಟ್ಟ. ಇನ್ನೊಬ್ಬ ಒಂದು ತಿಂಗಳು ಸರಿಯಾಗಿ ಕೊಟ್ಟು ಮರುತಿಂಗಳು ಕೈಯೆತ್ತಿದ. ಹೀಗೆ ನಂಬಿ ತಂದು ನಿರುಪಯೋಗವಾದ ಸ್ಕ್ರೂಗಳು ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲಗಳಲ್ಲಿ ತುಂಬಿಕೊಂಡವು. ಕೊನೆಗೆ ಮರ ಸಾಗಿಸುವ ಗಾಡಿ ಹೊಡೆಯುವವನೊಬ್ಬ, ಹೊಸನಗರದ ಬಡಗಿಗಳು ಮಾತ್ರ ಸ್ಕ್ರೂವಿನ ಬಗ್ಗೆ ಗೊಣಗುವುದನ್ನು ತಾನು ಕೇಳಿಲ್ಲ ಎಂದ. ಬೆಳ್ಳಪ್ಪ ಮರುದಿನವೇ ಹೊಸನಗರದ ಬಸ್ಸು ಹತ್ತಿದ.

ಅಲ್ಲಿ ಎಲ್ಲರೂ ಒಂದೇ ಅಂಗಡಿ ತೋರಿಸಿದರು. ಕನ್ನಪ್ಪನ ಅಂಗಡಿ. ಕನ್ನಪ್ಪ ಕಾಮಾಲೆಯಾಗಿ ತೀರಿಹೋಗಿದ್ದ. ಅಂಗಡಿ ನಡೆಸುತ್ತಿದ್ದವಳು ಅವನ ಹೆಂಡತಿ ಪುಷ್ಪಮ್ಮ. ಮಕ್ಕಳಿಲ್ಲದ, ಮೂವತ್ತು ದಾಟಿದ, ಚುರುಕು ಕೈಯ ಹೆಂಗಸು. ಅವಳು ಯಾವ ಮರಕ್ಕೆ, ಎಂಥ ಕೆಲಸಕ್ಕೆ ಎಂದು ಕೇಳಿದಳೇ ಹೊರತು ಎಷ್ಟು ಬೇಕು ಎಂದು ಮೊದಲು ಕೇಳಲಿಲ್ಲ. ಕಪಾಟಿನಿಂದ ಕೆಂಪು ಚೀಟಿ ಅಂಟಿಸಿದ ಪೊಟ್ಟಣ ಒಂದನ್ನು ಬಿಚ್ಚಿ, ಬಾಗಿಲ ಬಳಿ ಇಟ್ಟಿದ್ದ ಮತ್ತಿಮರದ ದಿಮ್ಮಿ ತೋರಿಸಿ, ಹಾಕಿ ನೋಡಿ ಎಂದಳು.

ಬೆಳ್ಳಪ್ಪ ಒಂದನ್ನು ಅರ್ಧದವರೆಗೆ ತಿರುಗಿಸಿ ಪಕ್ಕದಿಂದ ಸುತ್ತಿಗೆಯಲ್ಲಿ ಹೊಡೆದ. ಸ್ಕ್ರೂ ಬಾಗಿತು, ಮುರಿಯಲಿಲ್ಲ. ಇನ್ನೊಂದು ಹಾಕಿದ. ಅದೂ ಬಾಗಿತು. ಸುರುಳಿ ಚೂಪಾಗಿ ಮರ ಕಚ್ಚಿತ್ತು. ಬಟ್ಟೆಮಲ್ಲಪ್ಪದ ತಿರುವಿನ ಕತೆಯನ್ನು ಅವನು ಅಲ್ಲಿಯವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ. ಅವಳ ಮುಂದೆ ಹೇಳಿದ. ಅವಳು ಕೇಳಿಸಿಕೊಂಡು, ಒಳಗಿನಿಂದ ಕುಡಿಯಲು ನೀರು ಬೆಲ್ಲ ತಂದಿಟ್ಟಳು.

ಆದರೆ ಅವನಿಗೆ ಬೇಕಾದಷ್ಟು ಸ್ಕ್ರೂ ಅವಳಲ್ಲಿರಲಿಲ್ಲ. ಆ ಮಾಲು ತೀರ್ಥಹಳ್ಳಿಯ ಮುಕುಂದಯ್ಯನವರ ಮಂಡಿಯಿಂದ ತಿಂಗಳಿಗೆ ಇಷ್ಟೇ ಎಂದು ಬರುತ್ತಿತ್ತು. ಅದನ್ನು ಹೊಸನಗರದ ಬಡಗಿಗಳಿಗೆ ಹಂಚಿದರೆ ಮುಗಿಯಿತು. ಅವನ ಕತೆ ಕೇಳಿದ್ದಕ್ಕೆ ಎರಡು ಪೊಟ್ಟಣ ಕೊಟ್ಟು, ಹೆಚ್ಚಿಗೆ ಬೇಕಿದ್ದರೆ ಮುಕುಂದಯ್ಯನವರನ್ನೇ ಕೇಳಿ ನೋಡಿ ಎಂದಳು.

ತೀರ್ಥಹಳ್ಳಿಯಲ್ಲಿ ತುಂಗೆಯ ಸೇತುವೆಯಿಂದ ಸ್ವಲ್ಪ ಒಳಗೆ ಮುಕುಂದಯ್ಯನವರ ಮಂಡಿ. ಮಂಗಳೂರಿನಿಂದ ಆಗುಂಬೆ ಘಾಟಿ ಹತ್ತಿಬಂದ ಲಾರಿಗಳು ಅವರ ಜಗುಲಿಯ ಮುಂದೆಯೇ ನಿಲ್ಲುತ್ತಿದ್ದವು. ಮುದುಕರು ಬೆಳ್ಳಪ್ಪನ ಮಾತನ್ನು ಪೂರ್ತಿ ಕೇಳಿದರು, ಸತ್ತ ಕಂಡಕ್ಟರನಿಗಾಗಿ ಲೊಚಗುಟ್ಟಿದರು, ಮಜ್ಜಿಗೆ ಕೊಡಿಸಿದರು. ಸ್ಕ್ರೂ ಮಾತ್ರ ಕೊಡಲಿಲ್ಲ.

"ನಂಗೆ ಬರೂದೇ ಇಷ್ಟು. ನಿಂಗೆ ಕೊಡ್ಬೇಕಾದ್ರೆ ಇನ್ಯಾರದ್ದೋ ನಿಲ್ಲಿಸ್ಬೇಕು. ಹಾಗೆ ಮಾಡೂದು ನಮ್ಮ ಮಂಡಿಲಿ ಇಲ್ಲ ಮಾರಾಯ. ಕನ್ನಪ್ಪ ಸತ್ತ ಮೇಲೂ ಅವನ ಅಂಗಡಿಗೆ ನಿಲ್ಲಿಸ್ಲಿಲ್ಲ ನಾನು. ಅವನ ಮನೆಯೋರು ಯಾರು ಬಂದ್ರೂ ಕೊಡ್ತೇನೆ."

ಬೆಳ್ಳಪ್ಪ ಎಷ್ಟು ಬೇಡಿದರೂ ಅವರ ಮಾತು ಬದಲಾಗಲಿಲ್ಲ. ಅವನು ಅಲ್ಲಿಂದ ಎದ್ದು ಬಂದು, ಬಸ್ಸಿನಲ್ಲಿ ಕೂತು ಊರು ತಲುಪುವವರೆಗೂ ಅವರ ಕೊನೆಯ ಮಾತನ್ನೇ ಮೆಲುಕು ಹಾಕಿದ. ಕನ್ನಪ್ಪನ ಮನೆಯವರು ಯಾರು ಬಂದರೂ. ಸಾಗರದಲ್ಲಿ ಇಳಿಯುವ ಹೊತ್ತಿಗೆ ಏನು ಮಾಡಬೇಕೆಂದು ಅವನಿಗೆ ಗೊತ್ತಾಗಿತ್ತು.

ಬೆಳ್ಳಪ್ಪನ, ಪುಷ್ಪಮ್ಮನ ಜನರಲ್ಲಿ ಗಂಡ ಸತ್ತವಳಿಗೆ ಸೀರೆ ಉಡಿಸಿ, ಮರುಮದುವೆಯಾಗಿ ಕೂಡಿಕೆ ಮಾಡಿಕೊಳ್ಳುವುದು ಹೊಸತಲ್ಲ. ಬೆಳ್ಳಪ್ಪ ಆತುರಪಡಲಿಲ್ಲ. ಬಿಡುವಾದಾಗಲೆಲ್ಲ ಹೊಸನಗರಕ್ಕೆ ಹೋದ. ಅವಳ ಅಂಗಡಿಯ ಜಗ್ಗಿದ ಹಲಗೆಬಾಗಿಲನ್ನು ಹೇಳದೆಯೇ ಸರಿಮಾಡಿದ, ಸೋರುತ್ತಿದ್ದ ಹಂಚು ಬದಲಿಸಿದ. ಸಾಗರದಲ್ಲಿ ಗಂಧ ಕೆತ್ತುವ ಗುಡಿಗಾರರ ಬೀದಿಯಲ್ಲಿ ಕೊಂಡ ಗಂಧದ ಬಾಚಣಿಗೆಯನ್ನು ಕಾಗದದಲ್ಲಿ ಸುತ್ತಿ ತಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹೊರಟುಬಂದ. ಅವಳು ಅವನಿಗೆ ಬೇಡವಾಗಿದ್ದಳು ಎಂದಲ್ಲ. ಅವಳು ಬಡಿಸಿದ ಹುರುಳಿ ಸಾರು ಅವನಿಗೆ ಬಹಳ ದಿನದ ಮೇಲೆ ಮನೆಯ ಊಟ ಅನ್ನಿಸಿತ್ತು. ಆದರೆ ಅವಳು ಎದುರು ನಿಂತು ಮಾತಾಡುವಾಗ ಅವನ ಕಣ್ಣು ಅವಳ ಹೆಗಲ ಮೇಲಿಂದ ಹಾಯ್ದು ಹಿಂದಿನ ಕಪಾಟಿನಲ್ಲಿ ಎಷ್ಟು ಪೊಟ್ಟಣ ಉಳಿದಿವೆ ಎಂದು ನೋಡುತ್ತಿತ್ತು.

ಅವಳಿಗೆ ದಿಕ್ಕಾಗಿ ಇದ್ದವನು ದುಗ್ಗಪ್ಪ ಒಬ್ಬನೇ. ಕನ್ನಪ್ಪನ ಜೀವದ ಗೆಳೆಯ, ಹೊಸನಗರದ ಹಳೆಯ ಬಡಗಿ. ಬೆಳ್ಳಪ್ಪ ಕಟ್ಟಿದ ಗಾಡಿಗಳನ್ನು ಅವನು ನೋಡಿದ್ದ, ಆ ಕೈಗೆಲಸ ಮೆಚ್ಚಿದ್ದ. ಪುಷ್ಪಮ್ಮ ಕೇಳಿದಾಗ, ಒಪ್ಪಿಕೋ ತಂಗಿ ಎಂದವನೂ ಅವನೇ. ಕೂಡಿಕೆ ನಡೆದದ್ದು ದುಗ್ಗಪ್ಪನ ಮನೆಯ ಅಂಗಳದಲ್ಲಿ. ಹಿರಿಯನಾಗಿ ನಿಂತು ಎಲೆ ಅಡಿಕೆ ಕೊಟ್ಟವನು ಅವನು. ಅವನ ಹೆಂಡತಿ ಕೆರಿಯಮ್ಮ ಪುಷ್ಪಮ್ಮನ ಹಣೆಗೆ ಕುಂಕುಮ ಇಟ್ಟು ಕಣ್ಣೊರೆಸಿಕೊಂಡಳು.

ಪುಷ್ಪಮ್ಮ ಅಂಗಡಿ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಬೆಳ್ಳಪ್ಪನಿಗೂ ಅದೇ ಬೇಕಾಗಿತ್ತು. ಅವನು ಸಾಗರದಲ್ಲಿ, ಅವಳು ಹೊಸನಗರದಲ್ಲಿ. ವಾರಕ್ಕೊಮ್ಮೆ ಅವನು ಬರುತ್ತಿದ್ದ. ತಿಂಗಳ ಮಾಲು ತರಲು ಇಬ್ಬರೂ ಕೂಡಿ ತೀರ್ಥಹಳ್ಳಿಗೆ ಹೋದರು. ಮುಕುಂದಯ್ಯನವರು ಅವಳ ಹಣೆಯ ಕುಂಕುಮ ನೋಡಿ, ಒಳ್ಳೇದಾಯ್ತು ಎಂದು ಮನಸಾರೆ ಹೇಳಿ, ಇನ್ನು ಸ್ವಲ್ಪ ಹೆಚ್ಚಿಗೇ ಕೊಡುತ್ತೇನೆ ಎಂದರು. ಬರುವ ಮಾಲಿನಲ್ಲಿ ಅರ್ಧ ಸಾಗರದ ಶೆಡ್ಡಿಗೆ, ಅರ್ಧ ಇಲ್ಲಿನ ಬಡಗಿಗಳಿಗೆ ಎಂದು ಪುಷ್ಪಮ್ಮ ಪಾಲು ಮಾಡಿದಳು. ಗಂಡನಾದರೂ ಅದರ ಮೇಲೆ ಒಂದು ಪೊಟ್ಟಣ ಮುಟ್ಟಗೊಡಲಿಲ್ಲ. ಅವರೆಲ್ಲ ನಮ್ಮ ಅಂಗಡಿಯನ್ನು ನಂಬಿದವರು ಎಂದಳು.

ಅರ್ಧ ಸಾಲುತ್ತಿರಲಿಲ್ಲ. ಒಂದು ವಾರ ಬೆಳ್ಳಪ್ಪ ಬರುವಾಗ ಚೀಲದ ಅಡಿಯಲ್ಲಿ ಶೆಡ್ಡಿನ ಮೂಲೆಯ ಹುಸಿ ಸ್ಕ್ರೂಗಳನ್ನು ತುಂಬಿಕೊಂಡು ಬಂದ. ಅವಳು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಅಂಗಡಿಯ ಹಲಗೆ ಹಾಕಿಕೊಂಡು ಕೆಂಪು ಚೀಟಿಯ ಪೊಟ್ಟಣಗಳ ಅಂಟು ಮೆಲ್ಲಗೆ ಬಿಡಿಸಿ, ಒಳ್ಳೆಯದು ತೆಗೆದು ಕೆಟ್ಟದ್ದು ತುಂಬಿ, ಮೈದಾ ಅಂಟು ಹಚ್ಚಿ ಮತ್ತೆ ಮುಚ್ಚಿದ. ಮರಗೆಲಸದ ಕೈ, ಬಿಚ್ಚಿದ ಗುರುತೇ ಕಾಣಲಿಲ್ಲ. ಮೊದಲ ಸಲ ಅವನ ಎದೆ ಹೊಡೆದುಕೊಂಡಿತು. ಮರುವಾರ ಅಷ್ಟಾಗಿ ಹೊಡೆದುಕೊಳ್ಳಲಿಲ್ಲ. ಇಲ್ಲಿನವರು ಮಾಡುವುದೆಲ್ಲ ಕೊಟ್ಟಿಗೆಯ ಬಾಗಿಲು, ಕಾಲುಮಣೆ, ದೇವರ ಗೂಡು. ಕೊಟ್ಟಿಗೆಯ ಬಾಗಿಲು ಬಿದ್ದರೆ ಯಾರು ಸಾಯುತ್ತಾರೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ತನ್ನ ಬಸ್ಸಿನಲ್ಲಿ ಜನ ಕೂರುತ್ತಾರೆ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲವಾದ್ದರಿಂದ ಅದು ಅವನಿಗೆ ಬಹಳ ಸಮಾಧಾನ ಕೊಟ್ಟಿತು.

ಹೊಸ ಗಾಡಿ ತಯಾರಾದ ದಿನ ಮಂಜುನಾಥಪ್ಪ ಬಾಗಿಲು ತೆರೆಸಿ, ತಮ್ಮ ದಪ್ಪ ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ನೇತಾಡಿದರು. ಬಾಗಿಲು ಕಿರ್ ಎನ್ನಲಿಲ್ಲ. ಅವರು ಇಳಿದು ಬೆಳ್ಳಪ್ಪನ ಬೆನ್ನು ತಟ್ಟಿದರು. ಮುಂದಿನ ಗಾಡಿಗಳೂ ಅವನಿಗೇ ಸಿಕ್ಕವು. ಬೀದಿಯಲ್ಲಿ ಜನ ಮತ್ತೆ ಅವನನ್ನು ಮೇಸ್ತ್ರಿ ಎಂದು ಕರೆದು ಮಾತಾಡಿಸಿದರು.

ಬೇಸಿಗೆಯ ಒಂದು ಮಧ್ಯಾಹ್ನ ಬೆಳ್ಳಪ್ಪ ಹೊಸನಗರಕ್ಕೆ ಬಂದಾಗ ಅಂಗಡಿಯ ಹಲಗೆಗಳು ಹಾಕಿದ್ದವು. ಹಿತ್ತಿಲಿನಿಂದ ಸುತ್ತಿ ಒಳಗೆ ಹೋದ. ಪುಷ್ಪಮ್ಮ ಅರೆಗತ್ತಲಲ್ಲಿ ನೆಲದ ಮೇಲೆ ಕೂತಿದ್ದಳು. ಅವಳ ಸುತ್ತ ಕಪಾಟಿನ ಪೊಟ್ಟಣಗಳೆಲ್ಲ ಹರಿದು ಬಿದ್ದಿದ್ದವು. ಒಂದು ಕಡೆ ದೊಡ್ಡ ರಾಶಿ, ಇನ್ನೊಂದು ಕಡೆ ಬೊಗಸೆಯಷ್ಟು ಸಣ್ಣ ರಾಶಿ. ದೊಡ್ಡದು ಯಾವುದು ಎಂದು ಅವನಿಗೆ ಕೇಳಬೇಕಾಗಿರಲಿಲ್ಲ.

"ಹಗಲೊತ್ತು ಬಾಗಿಲು ಹಾಕ್ಕೊಂಡು ಎಂತ ಮಾಡ್ತಿದೀಯ? ಗಿರಾಕಿ ತಿರುಗಿ ಹೋಗ್ತಾರೆ" ಎಂದ.

"ದುಗ್ಗಪ್ಪಣ್ಣನ ಬಲಗೈ ಹೋಯ್ತು."

ಅಡಿಕೆ ಮಂಡಿಯೊಂದರ ಅಟ್ಟಕ್ಕೆ ದುಗ್ಗಪ್ಪ ಮಡಚುವ ಏಣಿ ಮಾಡಿದ್ದ. ಕೂರಿಸಿ ಮುಗಿಸಿ, ಗಟ್ಟಿ ಇದೆಯೆಂದು ತೋರಿಸಲು ತಾನೇ ಮೊದಲು ಹತ್ತಿದ. ಮೇಲಿನ ಬಿಜಾಗ್ರಿ ಕಿತ್ತುಬಂತು. ಅವನು ಬಿದ್ದ ಮೇಲೆ ಏಣಿ ಅವನ ಮಣಿಕಟ್ಟಿನ ಮೇಲೆ ಬಿತ್ತು. ನಾಟಿ ವೈದ್ಯ ದಬ್ಬೆ ಕಟ್ಟಿದ್ದ, ಆದರೆ ಮೂಳೆ ನುಗ್ಗಾಗಿದೆ, ಇನ್ನು ನೆಟ್ಟಗೆ ಕೂಡುವುದಿಲ್ಲ ಎಂದಿದ್ದ. ಬೆರಳು ಮಡಚುತ್ತಿರಲಿಲ್ಲ. ಅವನು ಇನ್ನು ಉಳಿ ಹಿಡಿಯುವಂತಿರಲಿಲ್ಲ. ಪುಷ್ಪಮ್ಮ ನೋಡಲು ಹೋದಾಗ ಅವನು ಬೈಯಲಿಲ್ಲವಂತೆ. ಮುರಿದ ಸ್ಕ್ರೂ ಕಟ್ಟಿಟ್ಟಿದ್ದ ಬಟ್ಟೆಯ ಗಂಟನ್ನು ಎಡಗೈಯಲ್ಲಿ ಅವಳ ಮುಂದೆ ತಳ್ಳಿ, ನಿನ್ನ ಅಂಗಡಿಯದೇ ತಂಗಿ ಎಂದನಂತೆ, ಅಷ್ಟೇ.

ಬೆಳ್ಳಪ್ಪ ಕೇಳಿದ ಮೊದಲ ಮಾತು, ಬಿಜಾಗ್ರಿಗೆ ಎಷ್ಟು ಉದ್ದದ ಸ್ಕ್ರೂ ಹಾಕಿದ್ದನಂತೆ ಎಂದು. ಅಷ್ಟು ಭಾರಕ್ಕೆ ಉದ್ದದ್ದು ಹಾಕಬೇಕಿತ್ತು, ದುಗ್ಗಪ್ಪನೂ ನೋಡಿಕೊಳ್ಳಬೇಕಿತ್ತು ಎಂದ.

ಪುಷ್ಪಮ್ಮ ತಲೆ ಎತ್ತಿ ಅವನನ್ನೇ ನೋಡಿದಳು.

"ನನ್ನ ಬಿಟ್ರೆ ಈ ಕಪಾಟು ಮುಟ್ಟೋರು ನೀವೊಬ್ರೇ. ನಿಮಗೆ ಗೊತ್ತಿತ್ತು. ಒಂದು ಜೀವ ಹೋಗಿದ್ದು ಕಂಡೋರು ನೀವು. ಗೊತ್ತಿದ್ದೂ ತುಂಬಿದ್ರಿ."

"ಹೌದು ತುಂಬ್ದೆ. ಬಸ್ಸಲ್ಲಿ ದಿನಾ ಎಷ್ಟು ಜನ ಓಡಾಡ್ತಾರೆ ಅಂತ ಗೊತ್ತುಂಟಾ ನಿಂಗೆ? ಅವ್ರ ಜೀವಕ್ಕೆ ನಾನು ಜವಾಬ್ದಾರಿ. ಒಂದು ಏಣಿ ಬಿತ್ತು ಅಂತ ಊರು ಮುಳುಗಿದ ಹಾಗೆ ಮಾಡ್ಬೇಡ."

ಅವಳು ವಾದಕ್ಕೆ ನಿಲ್ಲಲಿಲ್ಲ. ನಾಳೆ ಬೆಳಗಿನ ಬಸ್ಸಿಗೆ ತೀರ್ಥಹಳ್ಳಿಗೆ ಹೋಗಿ ಮುಕುಂದಯ್ಯನವರಿಗೆ ನಡೆದದ್ದನ್ನು ಹೇಳುತ್ತೇನೆ, ಬಂದು ದುಗ್ಗಪ್ಪಣ್ಣನಿಗೂ ಊರವರಿಗೂ ಹೇಳುತ್ತೇನೆ ಎಂದಷ್ಟೇ ಹೇಳಿ ಎದ್ದಳು. ಹಾಗೇ ಮಾಡು ಎಂದ ಬೆಳ್ಳಪ್ಪ. ಅವಳು ಬಡಿಸಿದ್ದನ್ನು ಉಂಡು, ಕೈ ತೊಳೆದು, ಸಾಗರಕ್ಕೆ ಹೋಗುತ್ತೇನೆ ಎಂದು ಹೊರಟವನು ತೀರ್ಥಹಳ್ಳಿಯ ಬಸ್ಸು ಹತ್ತಿದ. ಹೋಗುವಾಗ ದೊಡ್ಡ ರಾಶಿಯಿಂದ ಒಂದು ಮುಷ್ಟಿ, ಹರಿದ ಕೆಂಪು ಚೀಟಿಯ ಕಾಗದ ಒಂದು, ಜೇಬಿಗೆ ಹಾಕಿಕೊಂಡಿದ್ದ.

ಮುಕುಂದಯ್ಯನವರ ಮುಂದೆ ಅವನು ಆ ಮುಷ್ಟಿಯನ್ನು ಬಿಚ್ಚಿಟ್ಟು ತಲೆ ತಗ್ಗಿಸಿ ಕೂತ. ಹೇಗೆ ಹೇಳಲಿ ಎಂದು ತಿಳಿಯದವನ ಹಾಗೆ ತಡವರಿಸಿದ. ಹೆಂಡತಿ ಲಾಭದ ಆಸೆಗೆ ಬಿದ್ದಿದ್ದಾಳೆ, ಒಳ್ಳೆಯ ಮಾಲನ್ನು ಬೇರೆಯವರಿಗೆ ಮಾರಿ ನಿಮ್ಮ ಪೊಟ್ಟಣದಲ್ಲಿ ಇಂಥದ್ದು ತುಂಬಿ ಕೊಡುತ್ತಿದ್ದಾಳೆ, ಒಬ್ಬ ಬಡಗಿಯ ಕೈ ಹೋಯಿತು, ಇವತ್ತು ನನ್ನ ಕಣ್ಣಿಗೆ ಬಿತ್ತು, ಕೇಳಿದ್ದಕ್ಕೆ ನನ್ನ ಮೇಲೆಯೇ ಹಾಕುತ್ತಿದ್ದಾಳೆ, ನಾಳೆ ನಿಮ್ಮಲ್ಲಿಗೂ ಬಂದು ಅದನ್ನೇ ಹೇಳುತ್ತಾಳೆ ಎಂದ. ಮುದುಕರು ಸ್ಕ್ರೂ ಒಂದನ್ನು ಎತ್ತಿ ಬೆರಳಲ್ಲಿ ಹೊರಳಿಸಿ ನೋಡಿದರು. ತಮ್ಮ ಚೀಟಿಯ ಕಾಗದವನ್ನು ನೋಡಿದರು. ಅಂದು ಬೆಳ್ಳಪ್ಪನಿಗೆ ಮಂಡಿಯ ಜಗುಲಿಯಲ್ಲೇ ಚಾಪೆ ಕೊಡಿಸಿದರು.

ಮರುದಿನ ಪುಷ್ಪಮ್ಮ ಬಂದಾಗ ಲಾರಿ ಬಂದಿತ್ತು. ಹಮಾಲರು ಮೂಟೆ ಇಳಿಸುತ್ತಿದ್ದರು. ಜಗುಲಿಯ ಮೇಲೆ ಮುಕುಂದಯ್ಯನವರ ಪಕ್ಕದಲ್ಲಿ ಬೆಳ್ಳಪ್ಪ ಕೂತಿದ್ದನ್ನು ಕಂಡು ಅವಳು ಮೆಟ್ಟಿಲ ಕೆಳಗೇ ನಿಂತುಬಿಟ್ಟಳು. ತಾನು ತಂದಿದ್ದ ಸ್ಕ್ರೂವಿನ ಗಂಟನ್ನು ಎರಡು ಕೈಯಲ್ಲಿ ಹಿಡಿದಿದ್ದಳು. ಅದನ್ನು ಬಿಚ್ಚಲು ಮುದುಕರು ಬಿಡಲಿಲ್ಲ.

"ನೋಡಿ ಆಯ್ತು. ಕನ್ನಪ್ಪನ ಹೆಸರು ಕೆಡಿಸ್ದೆ ನೀನು."

ಅವಳು ಮಾತಾಡಲು ಬಾಯಿ ತೆರೆದಳು. ಅವರು ಕೈ ಅಡ್ಡ ಹಿಡಿದರು. ಹಮಾಲರು ಮೂಟೆ ಹೊತ್ತುಕೊಂಡೇ ನಿಂತು ನೋಡುತ್ತಿದ್ದರು. ಅವಳು ಬೆಳ್ಳಪ್ಪನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಈಗಲಾದರೂ ಹೇಳುತ್ತಾನೆ ಎಂಬ ನಂಬಿಕೆ ಇನ್ನೂ ಒಂದಿಷ್ಟು ಉಳಿದಿತ್ತು. ಬೆಳ್ಳಪ್ಪ ಎದ್ದು ಮುಕುಂದಯ್ಯನವರಿಗೆ ಕೈ ಮುಗಿದ.

"ಹೆಂಗಸು, ಗೊತ್ತಾಗ್ದೆ ಮಾಡಿದಾಳೆ ಸಾವ್ಕಾರ್ರೇ. ದೊಡ್ಡ ಮನಸ್ಸು ಮಾಡಿ. ಇನ್ನು ಅವಳನ್ನ ನಾನು ನೋಡ್ಕೊಳ್ತೀನಿ."

ಪುಷ್ಪಮ್ಮನ ಕೈಯಿಂದ ಗಂಟು ಜಾರಿ ಮೆಟ್ಟಿಲ ಮೇಲೆ ಬಿಚ್ಚಿಕೊಂಡಿತು. ಹಮಾಲನೊಬ್ಬ ಕಾಲಿನಿಂದ ಸ್ಕ್ರೂಗಳನ್ನು ಚರಂಡಿಗೆ ಸರಿಸಿದ. ಮುಕುಂದಯ್ಯನವರಿಗೆ ಅಂಥ ಗಂಡನ ಮೇಲೆ ಕನಿಕರವಾಯಿತು. ಹೊಸನಗರದ ಅಂಗಡಿಗೆ ಇನ್ನು ಒಂದು ಸ್ಕ್ರೂವೂ ಇಲ್ಲ, ಆ ಪಾಲು ಸಾಗರಕ್ಕೆ ನಿನ್ನ ಹೆಸರಿಗೇ ಬರಲಿ ಎಂದರು.

ಹೊಸನಗರದಲ್ಲಿ 'ಗಂಡನೇ ಹೇಳಿದ್ದಾನಂತೆ' ಎಂಬ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ದುಗ್ಗಪ್ಪನ ಮನೆಗೆ ಹೋದರೆ ಕೆರಿಯಮ್ಮ ಬಾಗಿಲು ತೆರೆಯಲಿಲ್ಲ. ಬಡಗಿಗಳು ಕೊಂಡಿದ್ದ ಪೊಟ್ಟಣಗಳನ್ನು ತಂದು ಅಂಗಡಿಯ ಮುಂದೆ ಚೆಲ್ಲಿ ಹೋದರು. ಕೆಲವರು ಉಗಿದೂ ಹೋದರು. ಬೆಳ್ಳಪ್ಪ ಎತ್ತಿನಗಾಡಿ ತಂದು, ಕನ್ನಪ್ಪ ಮಾಡಿಸಿದ್ದ ಕಪಾಟುಗಳನ್ನು ತಾನೇ ಬಿಚ್ಚಿ ಸಾಗರಕ್ಕೆ ಹೇರಿದ. ಹಳೆಯ ಸಾಗುವಾನಿ, ಶೆಡ್ಡಿನಲ್ಲಿ ಕೆಲಸಕ್ಕೆ ಬರುತ್ತಿತ್ತು. ಅವಳು ಅಂಗಡಿಯ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಗಾಡಿ ತುಂಬಿದ ಮೇಲೆ, ಹತ್ತು ಎಂದ. ಹತ್ತಿದಳು. ತವರಿನಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಆ ಹೆಸರು ಹೊತ್ತು ಹೋಗುವಂತಿರಲಿಲ್ಲ.

ಸಾಗರದಲ್ಲಿ ಅವಳು ಅಡಿಗೆ ಮಾಡಿದಳು, ಶೆಡ್ಡಿನ ಆಳುಗಳಿಗೆ ಬಡಿಸಿದಳು. ಅವನೊಡನೆ ಮಾತು ಬಿಟ್ಟಿದ್ದಳು. ಕೆಲಸ ಬೆಳೆದು ಮುಕುಂದಯ್ಯನವರ ಮಾಲೂ ಸಾಲದಾದಾಗ ಬೆಳ್ಳಪ್ಪ ಪೇಟೆಯ ಸ್ಕ್ರೂಗಳನ್ನು ಮತ್ತೆ ಕೊಳ್ಳತೊಡಗಿದ. ಅವುಗಳಲ್ಲೂ ಗಟ್ಟಿಯವು ಕೆಲವು ಇರುತ್ತಿದ್ದವು. ಹೆಕ್ಕಿ ತೆಗೆಯುವವರು ಬೇಕಾಗಿತ್ತು. ಅವನು ಒಂದು ಚೀಲವನ್ನು ತಂದು ಅವಳ ಮುಂದೆ ಸುರಿದ. ಅವಳು ಮೊರ ಎಳೆದುಕೊಂಡು ಕೂತಳು. ಅಂಗೈಯಲ್ಲಿ ತೂಗಿ, ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿ, ಒಳ್ಳೆಯದು ಬಲಕ್ಕೆ, ಕೆಟ್ಟದ್ದು ಎಡಕ್ಕೆ ಹಾಕಿದಳು. ಅಂದಿನಿಂದ ಅದೇ ಅವಳ ಕೆಲಸವಾಯಿತು.

ಬೆಳ್ಳಪ್ಪನಿಗೆ ಹೊಸ ಹೆದರಿಕೆಯೊಂದು ಶುರುವಾಯಿತು. ಇವಳು ಬೇಕೆಂದೇ ಕೆಟ್ಟದ್ದನ್ನು ಒಳ್ಳೆಯದರಲ್ಲಿ ಸೇರಿಸಿದರೆ? ತಾನಾಗಿದ್ದರೆ ಸೇರಿಸುತ್ತಿದ್ದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಎದ್ದುಹೋದ ಮೇಲೆ ಅವಳು ಆರಿಸಿದ್ದನ್ನು ಒಂದೊಂದೇ ತೆಗೆದು ಪರೀಕ್ಷೆ ಮಾಡಿದ. ಒಂದೂ ಕೆಟ್ಟದ್ದು ಸಿಗಲಿಲ್ಲ. ಮರುದಿನ ಮತ್ತೆ ನೋಡಿದ, ಸಿಗಲಿಲ್ಲ. ಸಿಕ್ಕಿದ್ದರೆ ಅವಳನ್ನು ಬೈಯಬಹುದಿತ್ತು, ಹೊಡೆಯಬಹುದಿತ್ತು, ಎಲ್ಲ ಸರಿಹೋಗುತ್ತಿತ್ತು. ಒಂದು ದಿನ ಅವನು ಕಾರಣವೇ ಇಲ್ಲದೆ ಮೊರವನ್ನು ಕಾಲಿನಿಂದ ಒದ್ದ. ಅವಳು ಚೆಲ್ಲಿದ್ದನ್ನು ಬಾಚಿಕೊಂಡು ಮತ್ತೆ ಮೊದಲಿನಿಂದ ಆರಿಸಿದಳು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಪಕ್ಕದ ಮನೆಯ ಹೆಂಗಸರ ಜೊತೆ ಇಕ್ಕೇರಿ ದೇವಸ್ಥಾನಕ್ಕೆ ಹೋದವಳು ಅವರ ಜೊತೆ ತಿರುಗಿ ಬರಲಿಲ್ಲ. ಬೆಳ್ಳಪ್ಪ ಹುಡುಕಲು ಹೋಗಲಿಲ್ಲ. ಹಸಿವಾದರೆ ಬರುತ್ತಾಳೆ ಎಂದುಕೊಂಡ. ಆರಿಸುವ ಕೆಲಸಕ್ಕೆ ಬೇರೆ ಆಳು ಹಾಕಿದ. ಆ ಆಳಿಗೆ ತೂಕವೂ ತಿಳಿಯಲಿಲ್ಲ, ಸದ್ದೂ ತಿಳಿಯಲಿಲ್ಲ. ಓಡುತ್ತಿದ್ದ ಬಸ್ಸೊಂದರ ಮೇಲಿನ ಸಾಮಾನು ಕಟ್ಟುವ ಚೌಕಟ್ಟು ಸಡಿಲವಾಗಿ ಮೂಟೆಗಳು ರಸ್ತೆಗೆ ಬಿದ್ದವು. ಯಾರಿಗೂ ಏಟಾಗಲಿಲ್ಲವಾದರೂ ಮಂಜುನಾಥಪ್ಪ ಮತ್ತೆ ಶೆಡ್ಡಿಗೆ ಬಂದು, ಆರಿಸಿಟ್ಟಿದ್ದ ಸ್ಕ್ರೂಗಳನ್ನು ಕೆದಕಿ ನೋಡಿ ಹೋದರು.

ತಿಂಗಳ ಮಾಲಿಗೆ ತೀರ್ಥಹಳ್ಳಿಗೆ ಹೊರಟಾಗ ಹೊಸನಗರ ದಾಟಿದ ಮೇಲೆ ರಸ್ತೆ ಕೆಲಸಕ್ಕೆಂದು ಬಸ್ಸು ನಿಂತಿತು. ಬದಿಯಲ್ಲಿ ಹೆಂಗಸರು ಕೂತು ಜಲ್ಲಿ ಒಡೆಯುತ್ತಿದ್ದರು. ಅವರಲ್ಲಿ ಪುಷ್ಪಮ್ಮ ಇದ್ದಳು. ಬೆರಳುಗಳಿಗೆ ಚಿಂದಿ ಸುತ್ತಿಕೊಂಡಿದ್ದಳು, ಮುಖ ಕಪ್ಪಿಟ್ಟಿತ್ತು. ಬೆಳ್ಳಪ್ಪ ನೋಡುತ್ತಿರುವುದನ್ನು ಕಂಡ ಕಂಡಕ್ಟರು ತಾನಾಗಿಯೇ ಹೇಳಿದ: ಅವಳು ದುಗ್ಗಪ್ಪನ ಮನೆಯಲ್ಲಿದ್ದಾಳೆ, ಬಹಳ ದಿನ ಅವರ ಹೊಸ್ತಿಲ ಹೊರಗೇ ಮಲಗಿದ್ದಳಂತೆ, ಕೊನೆಗೆ ಕೆರಿಯಮ್ಮನೇ ಒಳಗೆ ಕರೆದಳಂತೆ, ಈಗ ಆ ಗಂಡ ಹೆಂಡತಿ ಉಣ್ಣುವುದು ಇವಳ ಕೂಲಿಯಲ್ಲೇ.

ಬೆಳ್ಳಪ್ಪ ಇಳಿದು ಅವಳ ಮುಂದೆ ಹೋಗಿ ನಿಂತ. ಅವಳು ಸುತ್ತಿಗೆ ನಿಲ್ಲಿಸಲಿಲ್ಲ.

"ಎದ್ದು ಬಾ" ಎಂದ. "ಶೆಡ್ಡಲ್ಲಿ ಆರಿಸೋರು ಇಲ್ಲ."

ಅವಳು ಕೈಯಲ್ಲಿದ್ದ ಕಲ್ಲನ್ನು ಒಡೆದು, ಚೂರುಗಳನ್ನು ರಾಶಿಗೆ ತಳ್ಳಿ, ಆಮೇಲೆ ಅವನ ಮುಖ ನೋಡಿದಳು.

"ನಂಗೆ ಆರಿಸೋಕೆ ಬರ್ತಿದ್ರೆ ನಿನ್ನ ಆರಿಸ್ಕೊಳ್ತಿದ್ನಾ?"

ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಪಕ್ಕದ ಹೆಂಗಸರು ಕೈ ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದರು. ಅಷ್ಟರಲ್ಲಿ ಡ್ರೈವರು ಹಾರನ್ನು ಒತ್ತಿದ. ಬೆಳ್ಳಪ್ಪ ತಿರುಗಿ ಹೋಗಿ ಬಸ್ಸು ಹತ್ತಿದ.

ತೀರ್ಥಹಳ್ಳಿಯಲ್ಲಿ ಮುಕುಂದಯ್ಯನವರು ಮಾಲು ಕಟ್ಟಿಸಿ ಇಟ್ಟಿದ್ದರು. ಅವರಿಗೆ ಕಣ್ಣು ಮಂಜಾಗಿತ್ತು. ವಯಸ್ಸು ಮೆತ್ತಗೆ ಮಾಡಿತ್ತು. ಹೆಂಡತಿ ಹೇಗಿದ್ದಾಳೆ ಎಂದು ವಿಚಾರಿಸಿದರು. ಚೆನ್ನಾಗಿದ್ದಾಳೆ, ಈಗ ಸ್ವಲ್ಪ ಬುದ್ಧಿ ಬಂದಿದೆ ಎಂದ ಬೆಳ್ಳಪ್ಪ. ಮುದುಕರು, ಅವತ್ತು ಅವಳಿಗೆ ಮಾತಾಡಲೂ ಬಿಡಲಿಲ್ಲ ನಾನು, ಅದೊಂದು ಮನಸ್ಸಿನಲ್ಲಿ ಉಳಿದಿದೆ ಎಂದರು. ಒಳಗಿನಿಂದ ಪುಟ್ಟಬಾಳೆ ಹಣ್ಣಿನ ಚಿಪ್ಪೊಂದನ್ನು ತರಿಸಿ ಅವನ ಕೈಗೆ ಕೊಟ್ಟು, ಅವಳಿಗೆ ಕೊಡು, ನಂಗೆ ಸಿಟ್ಟಿಲ್ಲ ಅಂತ ಹೇಳು ಎಂದರು.

ಹೇಳುತ್ತೇನೆ ಎಂದ ಬೆಳ್ಳಪ್ಪ. ಮಧ್ಯಾಹ್ನದ ಊಟ ತಪ್ಪಿತ್ತು. ಬಸ್ಸು ಊರು ಬಿಟ್ಟ ಮೇಲೆ ಅವನು ಒಂದು ಹಣ್ಣು ಸುಲಿದು ತಿಂದ, ಆಮೇಲೆ ಇನ್ನೊಂದು. ಜಲ್ಲಿಯ ರಾಶಿಗಳ ಹತ್ತಿರ ಬರುವಾಗ ಸಂಜೆಯಾಗಿತ್ತು. ಹೆಂಗಸರು ಮನೆಗೆ ಹೋಗಿದ್ದರು. ಕೊನೆಯ ಹಣ್ಣಿನ ಸಿಪ್ಪೆಯನ್ನು ಅವನು ಅಲ್ಲೇ ಕಿಟಕಿಯಿಂದ ಹೊರಗೆ ಎಸೆದ.